ಯಾವ ಮರಿ ಯಾವ ಮನೆಗೆ?



ಎತ್ತು ಕೊಳ್ಳುವಾಗ ನಾವು ಎಷ್ಟೊಂದು ನೋಡುತ್ತೇವೆ! ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಮನೆಯಲ್ಲಿರುವ ಎತ್ತಿಗೆ ಜೋಡಿ ಕೂಡದಿದ್ದರೆ ಎಷ್ಟೇ ಚೆಲುವ ಎತ್ತಾದರೂ ಬಿಟ್ಟು ಬರುತ್ತೇವೆ. ಆದರೆ ನಾಯಿಮರಿಯ ವಿಷಯ ಬಂದಾಗ ಏನು ಮಾಡುತ್ತೇವೆ? "ಬಣವಿ ಬುಡಕ ಆರು ಮರಿ ಹಾಕೇತಿ, ಬೇಕಾದವರು ಒಂದೊಂದು ಎತಗೊಂಡು ಹೋಗ್ರಿ" ಎಂದುಬಿಡುತ್ತೇವೆ. ಎತ್ತಿನಂತೆ ನಾಯಿಯೂ ಹತ್ತು ಹನ್ನೆರಡು ವರ್ಷ ಮನೆಯಲ್ಲಿರತಕ್ಕ ಪ್ರಾಣಿ. ಅದಕ್ಕೂ ಮನೆ ಕೂಡಿಬರಬೇಕು.

ಕೂಡಿಬರದಿದ್ದರೆ ಆಗುವುದೇನು? ಮರಿ ಚಿಕ್ಕದಿರುವವರೆಗೆ ಹುಡುಗರು ಆಡಿಸುತ್ತಾರೆ. ಐದಾರು ತಿಂಗಳಿಗೆ ಅದು ಕೋಳಿಯ ಬೆನ್ನು ಹತ್ತುತ್ತದೆ, ಇಲ್ಲವೇ ಚಪ್ಪಲಿ ಕಡಿಯುತ್ತದೆ. ಆಗ ಒಂದು ದಿನ ಗೋಣಿಚೀಲದಲ್ಲಿ ಹಾಕಿ ದೂರದ ಹಾದಿಯಲ್ಲೋ, ಸಂತೆ ಮುಗಿದ ಬಯಲಿನಲ್ಲೋ ಬಿಟ್ಟು ಬರುತ್ತಾರೆ. ಅಲ್ಲಿಂದ ಮುಂದೆ ಅದು ಹುಬ್ಬಳ್ಳಿ-ಧಾರವಾಡದ ಬೀದಿಯ ಪಾಲು. ಲಸಿಕೆಯಿಲ್ಲ, ಒಡೆಯನಿಲ್ಲ. ಅದು ವರ್ಷಕ್ಕೆ ಎರಡು ಸಾರಿ ಬೆದೆಗೆ ಬಂದು ಮತ್ತೆ ಮರಿ ಹಾಕುತ್ತದೆ. ಹುಚ್ಚುನಾಯಿ ಕಡಿತದ ಭಯ ಎಲ್ಲಿಂದ ಹುಟ್ಟುತ್ತದೆಂದು ಕೇಳುವವರು, ನಮ್ಮ ಬಣವೆಯ ಬುಡವನ್ನೂ ಒಮ್ಮೆ ನೋಡಬೇಕು.

ಆದುದರಿಂದ ಒಂದು ಸೂಲಿನ ಮರಿಗಳನ್ನು ತಕ್ಕ ಮನೆಗಳಿಗೆ ಸೇರಿಸುವುದು ಹೇಗೆಂಬುದನ್ನು ಈಗ ಕ್ರಮವಾಗಿ ಹೇಳುವೆ.

ಮೊದಲನೆಯದು, ದಿನಗಳ ಲೆಕ್ಕ. ನಾಯಿ ಗಬ್ಬವಾಗಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ. ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳಿಸುತ್ತದೆ. ಮೂರು ನಾಲ್ಕು ವಾರಕ್ಕೆ ಮೆತ್ತಗಿನ ಆಹಾರ ನೆಕ್ಕಲು ಕಲಿಯುತ್ತದೆ. ಅಲ್ಲಿಂದ ಎಂಟನೆಯ ವಾರದವರೆಗೆ ಅದಕ್ಕೆ ತಾಯಿ ಮತ್ತು ಒಡಹುಟ್ಟಿದವುಗಳೇ ಸಾಲಿಮನೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದಕ್ಕೆ ನೋಯುತ್ತದೆ ಎಂಬ ಪಾಠ ಅಲ್ಲಿಯೇ ಆಗುವುದು. ಇಪ್ಪತ್ತೈದನೆಯ ದಿನಕ್ಕೇ ಮರಿ ಒಯ್ದವರು, "ನಮ್ಮ ಮರಿ ಬಾಳ ಕಚ್ಚತೈತಿ ನೋಡ್ರಿ" ಎಂದು ದೂರುವುದು ಈ ಕಾರಣದಿಂದ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳೂ ಹೇಳುತ್ತವೆ. ಪುಕ್ಕಟೆ ಕೊಡುವವರೂ ಅದೇ ಲೆಕ್ಕ ಹಿಡಿಯುವುದು ಒಳ್ಳೆಯದು.

ಹಾಗೆಂದು ಎಂಟು ವಾರ ಮರಿಗಳನ್ನು ಯಾರೂ ಮುಟ್ಟದೆ ಬಿಟ್ಟರೂ ಕೆಟ್ಟಿತು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿಯ ಪ್ರಯೋಗಶಾಲೆಯವರು 1961ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಎತ್ತರದ ಬೇಲಿಯೊಳಗೆ ಮರಿಗಳನ್ನಿಟ್ಟು, ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಸಂಗಡ ಬೆಳೆಸಿದರು. ಹದಿನಾಲ್ಕು ವಾರದವರೆಗೆ ಮನುಷ್ಯರ ಸಂಗವನ್ನೇ ಕಾಣದ ಮರಿಗಳು ಕಾಡುಪ್ರಾಣಿಯಂತಾದವು, ಕರೆದರೂ ಹತ್ತಿರ ಬರಲಿಲ್ಲ. ಇದರಿಂದ ನಾವು ತಿಳಿಯಬೇಕಾದುದು ಇಷ್ಟೇ: ಮೂರನೆಯ ವಾರದಿಂದ ದಿನಕ್ಕೆ ಎರಡು ಸಾರಿ ಒಂದೊಂದು ಮರಿಯನ್ನೂ ಕೈಯಲ್ಲಿ ಹಿಡಿಯಿರಿ. ಮಕ್ಕಳು, ಮುದುಕರು, ಹೆಣ್ಣುಮಕ್ಕಳು ಎಲ್ಲರೂ ಹಿಡಿಯಲಿ. ಪಾತ್ರೆಯ ಸಪ್ಪಳ, ಚಕ್ಕಡಿಯ ಸಪ್ಪಳ, ಟ್ರ್ಯಾಕ್ಟರಿನ ಸಪ್ಪಳ ಕಿವಿಗೆ ಬೀಳಲಿ. ಆದರೆ ತಾಯಿ ಸಿಟ್ಟಿಗೇಳುವಂತಿದ್ದರೆ ಅದು ಹೊರಗೆ ಹೋದ ಹೊತ್ತು ನೋಡಿ ಮುಟ್ಟಿರಿ.

ಎರಡನೆಯದು, ಮರಿಯ ಸ್ವಭಾವ ಗುರುತಿಸುವುದು. ಪ್ರತಿ ಮರಿಯ ಕೊರಳಿಗೂ ಬೇರೆ ಬೇರೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿರಿ, ವಾರಕ್ಕೊಮ್ಮೆ ಸಡಿಲಿಸಿರಿ. ಐದನೆಯ ವಾರದಿಂದ ಎಂಟನೆಯ ವಾರದವರೆಗೆ ಒಂದು ಹಾಳೆಯ ಮೇಲೆ ಬರೆದಿಡಿರಿ: ತಾಟು ಇಟ್ಟಾಗ ಯಾವುದು ಮುಂದೆ ನುಗ್ಗುತ್ತದೆ, ಯಾವುದು ಹಿಂದೆ ನಿಲ್ಲುತ್ತದೆ, ಹೊಸಬರು ಬಂದರೆ ಯಾವುದು ಓಡಿ ಬರುತ್ತದೆ, ಯಾವುದು ಬಣವೆಯ ಸಂದಿಗೆ ಸೇರುತ್ತದೆ, ಡಬ್ಬಿ ಬಿದ್ದ ಸಪ್ಪಳಕ್ಕೆ ಬೆದರಿದ ಮರಿ ಎಷ್ಟು ಹೊತ್ತಿಗೆ ಚೇತರಿಸಿಕೊಂಡು ಮತ್ತೆ ಹೊರಗೆ ಬರುತ್ತದೆ. ಈ ಕೊನೆಯದು ಬಹಳ ಮುಖ್ಯ. ಬೆದರದ ಮರಿ ಇಲ್ಲ. ಬೆದರಿ ಬೇಗ ಸುಧಾರಿಸಿಕೊಳ್ಳುವ ಮರಿ ಎಲ್ಲಿಯೂ ಬಾಳುತ್ತದೆ.

1972ರಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಎಂಬ ಅಮೆರಿಕದವರು ಏಳನೆಯ ವಾರದಲ್ಲಿ ಮಾಡತಕ್ಕ ಒಂದು ಪರೀಕ್ಷೆಯನ್ನು ಬರೆದರು. ಕರೆದರೆ ಬರುವುದೇ, ಬೆನ್ನ ಮೇಲೆ ಮಲಗಿಸಿದರೆ ಒದ್ದಾಡುವುದೇ ಎಂದು ನೋಡುವ ಪರೀಕ್ಷೆ ಅದು. ಅನೇಕ ದೇಶಗಳಲ್ಲಿ ಅದು ಬಳಕೆಗೆ ಬಂತು. ಆದರೆ ಒಂದು ದಿನದ ಇಂಥ ಪರೀಕ್ಷೆಯಿಂದ ದೊಡ್ಡ ನಾಯಿಯ ಗುಣವನ್ನು ನಂಬಿಕೆಯಿಂದ ಹೇಳಲಾಗದೆಂದು ಮುಂದಿನ ಸಂಶೋಧಕರು ಕಂಡರು. ಮರಿ ಅಂದು ಉಂಡು ಮಲಗಿದ್ದರೆ ಸೌಮ್ಯವಾಗಿ ತೋರುತ್ತದೆ, ಹಸಿದಿದ್ದರೆ ಪುಂಡನಂತೆ ತೋರುತ್ತದೆ. ಆದ್ದರಿಂದ ಒಂದು ದಿನದ ನೋಟಕ್ಕಿಂತ ಮೂರು ವಾರದ ಹಾಳೆ ಹೆಚ್ಚು ನಂಬಿಕೆಯದು. ತಾಯಿಯ ಗುಣವನ್ನೂ ಮರೆಯಬೇಡಿರಿ.

ಮೂರನೆಯದು, ಮನೆಯ ಪರೀಕ್ಷೆ. ಮರಿಯನ್ನು ನೋಡುವಷ್ಟೇ ಒಯ್ಯುವವರನ್ನೂ ನೋಡಬೇಕು. ಕೇಳಲು ಸಂಕೋಚಪಡಬೇಡಿರಿ. ನಮ್ಮ ಕಡೆ ಆಗುವ ಮಾತುಕತೆ ಹೀಗಿರಲಿ:

"ಕಾಕಾ, ನನಗೊಂದು ಗಂಡುಮರಿ ಇಡ್ರಿ."

"ಇಡ್ತೇನಪಾ ತಮ್ಮಾ. ಮನ್ಯಾಗ ಕುರಿ, ಕೋಳಿ ಅದಾವೇನು? ಹಗಲಿ ಮನ್ಯಾಗ ಯಾರಿರತಾರ? ಊರಿಗೆ ಹೋದ್ರ ರೊಟ್ಟಿ ಹಾಕವ್ರು ಯಾರು? ನಿಮ್ಮವ್ವಗ ನಾಯಿ ಅಂದ್ರ ಆಗತೈತೋ ಇಲ್ಲೋ?"

ಕೊನೆಯ ಪ್ರಶ್ನೆಗೆ ಅವನು ತಲೆ ಕೆರೆದುಕೊಂಡರೆ, "ನಾಳೆ ಅವ್ವನ್ನ ಕರಕೊಂಡು ಬಾ" ಎಂದು ಕಳಿಸಿರಿ. ನಾಯಿಗೆ ಅನ್ನ ಹಾಕುವವರು ಒಪ್ಪದ ಮನೆಯಲ್ಲಿ ನಾಯಿ ಬಾಳುವುದಿಲ್ಲ.

ನಾಲ್ಕನೆಯದು, ಜೋಡಿ ಕೂಡಿಸುವುದು. ಎರಡು ಗಂಡು, ನಾಲ್ಕು ಹೆಣ್ಣು, ಒಟ್ಟು ಆರು ಮರಿ ಎಂದಿಟ್ಟುಕೊಳ್ಳೋಣ. ಕುಂದಗೋಳದ ಕಡೆಯ ಮೆಣಸಿನಕಾಯಿ ಹೊಲದಲ್ಲಿ ರಾತ್ರಿ ಕಾವಲಿಗೆ ಬೇಕೆಂದು ಒಬ್ಬರು ಬಂದರೆ, ಹೊಸ ಸಪ್ಪಳಕ್ಕೆ ಮೊದಲು ಕಿವಿ ನಿಗುರಿಸುವ ಮರಿ ಅವರಿಗೆ ತಕ್ಕದ್ದು. ಎಲ್ಲರ ಮೇಲೂ ಏರಿ ಹೋಗುವ ಪುಂಡಮರಿಯೇ ಒಳ್ಳೆಯ ಕಾವಲುಗಾರನೆಂಬುದು ತಪ್ಪು ತಿಳುವಳಿಕೆ. ಒದರಿ ತಿಳಿಸುವ ನಾಯಿ ಬೇಕು. ಆಳುಮಕ್ಕಳನ್ನು ಕಡಿಯುವ ನಾಯಿ ಯಾರಿಗೆ ಬೇಕು? ಕುರಿಗಾರನಿಗೆ, ಕುರಿ ಕಂಡರೆ ಅಟ್ಟಿಸಿಕೊಂಡು ಹೋಗದ ಸಮಾಧಾನದ ಮರಿಯನ್ನು ಕೊಟ್ಟು, ಮೊದಲ ದಿನದಿಂದಲೇ ಹಿಂಡಿನ ಸಂಗಡ ಬೆಳೆಸಲು ಹೇಳಿರಿ. ನವನಗರದಲ್ಲಿರುವ ಮುದುಕ ಮುದುಕಿಯರ ಮನೆಗೆ ಜಿಗಿದಾಡುವ ಮರಿ ಬೇಡ. ಉಂಡು ಬಾಗಿಲಲ್ಲಿ ಮಲಗುವಂಥದು ಇರಲಿ. ಸಣ್ಣ ಮಕ್ಕಳಿರುವ ಮನೆಗೆ, ಹಿಡಿದೆತ್ತಿದರೂ ಸಿಟ್ಟಾಗದೆ ಬೇಗ ಸುಧಾರಿಸಿಕೊಳ್ಳುವ ಮರಿ ಸರಿ. ಅಂಜುಬುರುಕ ಮರಿಯನ್ನು ಮಕ್ಕಳ ಗದ್ದಲದ ಮನೆಗೆ ಕೊಡಬೇಡಿರಿ. ಅದು ಅಂಜಿಯೇ ಕಡಿಯುತ್ತದೆ. ತಾಳ್ಮೆಯುಳ್ಳ, ಸಪ್ಪಳ ಕಡಿಮೆಯಿರುವ ಮನೆ ಸಿಗುವವರೆಗೆ ಅದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ.

ಇಲ್ಲಿ ಮುಧೋಳ ನಾಯಿಯ ಮಾತು ಬರಲೇಬೇಕು. "ಮುಧೋಳ ಮರಿ ಇದ್ರ ಕೊಡ್ರಿ" ಎಂದು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ ಹೆಸರಿಗೆ ತಂದ ತಳಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅದು ಸೇರಿದ್ದು. 2016ರಲ್ಲಿ ಈ ತಳಿಯ ಮರಿಗಳು ತರಬೇತಿಗಾಗಿ ಮೀರತ್ತಿನ ಸೈನ್ಯದ ಕೇಂದ್ರಕ್ಕೂ ಹೋದವು. ಇಷ್ಟೆಲ್ಲ ಹೆಮ್ಮೆ ಸರಿ. ಆದರೆ ನೆನಪಿಡಿರಿ: ಇದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ಎದುರಿಗೆ ಓಡಿದ್ದನ್ನು ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಓಡಲು ಹೊಲದ ಬಯಲು ಬೇಕು, ಗಟ್ಟಿ ಬೇಲಿ ಬೇಕು. ಎರಡು ಕೋಣೆಯ ಮನೆಯಲ್ಲಿ ಸರಪಳಿ ಹಾಕಿ ಕಟ್ಟಿದರೆ ಅದು ಕೊರಗುತ್ತದೆ, ಇಲ್ಲವೇ ಕೆರಳುತ್ತದೆ. ಸಹಜವಾಗಿಯೇ ಬಡಕಲು ಮೈಯದು. "ಎಲುಬು ಕಾಣತಾವು" ಎಂದು ತುರುಕಿ ತುರುಕಿ ಬೊಜ್ಜು ಬರಿಸಬೇಡಿರಿ. ಕಾವಲಿಗೆ ಮಾತ್ರ ಬೇಕಾದವರಿಗೆ ನಮ್ಮ ಊರ ನಾಯಿಯ ಮರಿಯೇ ಸಾಕು. ಅದು ನಮ್ಮ ಹವೆಗೆ, ನಮ್ಮ ರೊಟ್ಟಿಗೆ ಒಗ್ಗಿದ ಪ್ರಾಣಿ.

ಇನ್ನು ಹೆಣ್ಣುಮರಿಯ ಪ್ರಶ್ನೆ. ಗಂಡುಮರಿಗೆ ನಾಲ್ಕು ಜನ ಬರುತ್ತಾರೆ, ಹೆಣ್ಣುಮರಿಗೆ ಒಬ್ಬರೂ ಬರುವುದಿಲ್ಲ. ರಸ್ತೆಗೆ ಬೀಳುವವು ಬಹುತೇಕ ಅವೇ. ಕಾವಲಿನಲ್ಲಿ ಹೆಣ್ಣು ಕಡಿಮೆಯೇನಲ್ಲ. ಬೆದೆಯ ವಾಸನೆ ಹಿಡಿದು ಊರೆಲ್ಲ ಅಲೆಯುವ ಚಟ ಅದಕ್ಕಿಲ್ಲ. ಮರಿ ಹಾಕುವ ತೊಂದರೆ ತಪ್ಪಬೇಕಾದರೆ ಸಂತಾನಹರಣ ಶಸ್ತ್ರಕ್ರಿಯೆ ಇದೆ. ಹಿಂದಿನವರು ಹೆಣ್ಣುನಾಯಿಯನ್ನು ಎಷ್ಟು ಬೆಲೆಯುಳ್ಳದ್ದೆಂದು ತಿಳಿದಿದ್ದರು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗನು, ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದಾನವಾಯಿತು. ಬೇಕೆಂದು ಬೇಡಿ ಒಯ್ದ ಪ್ರಾಣಿಗೂ, ಬೇಡವೆನ್ನಲಾರದೆ ಒಯ್ದ ಪ್ರಾಣಿಗೂ ಇರುವ ಅಂತರ ಇಷ್ಟು. ಆದ್ದರಿಂದ ಮರಿಯನ್ನು ಯಾರ ಕೈಗೂ ಒತ್ತಾಯದಿಂದ ತುರುಕಬೇಡಿರಿ.

ಐದನೆಯದು, ಕಳಿಸಿಕೊಡುವ ಕ್ರಮ. ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಮರಿಗೆ ದುಂಡುಹುಳ ಬರುತ್ತದೆ. ಆ ಹುಳದ ತತ್ತಿ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ಅಪಾಯ. ಪಶುವೈದ್ಯರನ್ನು ಕೇಳಿ ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧಿ ಕೊಡಿರಿ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ. ಅದನ್ನು ಮುಂದೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆ ಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ. ಇಷ್ಟನ್ನು ಒಂದು ಚೀಟಿಯ ಮೇಲೆ ಬರೆದು ಮರಿಯ ಸಂಗಡ ಕಳಿಸಿರಿ. ತಾಯಿಯ ಹಾಸಿಗೆಯ ಒಂದು ಅರಿವೆಯ ತುಂಡನ್ನೂ ಕೊಡಿರಿ. ಆ ವಾಸನೆಗೆ ಮರಿ ಮೊದಲ ರಾತ್ರಿ ಕಡಿಮೆ ಅಳುತ್ತದೆ. ಮೊದಲ ವಾರ ನಿಮ್ಮಲ್ಲಿ ತಿಂದ ಆಹಾರವನ್ನೇ ಅವರೂ ಹಾಕಲಿ. ಬರೀ ಹಾಲು ಕುಡಿಸಿದರೆ ಹೊಟ್ಟೆ ಕೆಡುತ್ತದೆ. ಉಳ್ಳಾಗಡ್ಡಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಪ್ರೀತಿ ಹೆಚ್ಚಾಗಿ ಪೇಡೆ ತಿನ್ನಿಸುವವರೂ ಇದ್ದಾರೆ, ಅದು ಬೇಡ. ಎಲ್ಲ ಮರಿಗಳನ್ನೂ ಒಂದೇ ದಿನ ಕಳಿಸದೆ, ಎರಡು ಮೂರು ದಿನಕ್ಕೊಂದರಂತೆ ಕಳಿಸಿದರೆ ತಾಯಿಯ ಮೊಲೆ ಬಾವು ಕಟ್ಟುವುದು ತಪ್ಪುತ್ತದೆ.

ಆರನೆಯದು, ಮಾತು ಕೊಡುವುದು. "ಹೊಂದಲಿಲ್ಲಾಂದ್ರ ಹಾದ್ಯಾಗ ಬಿಡಬ್ಯಾಡ್ರಿ, ನನಗ ತಿರುಗಿ ತಂದು ಕೊಡ್ರಿ" ಎಂದು ಸ್ಪಷ್ಟವಾಗಿ ಹೇಳಿರಿ. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಒಂದು ಫೋನು ಮಾಡಿರಿ. ತಿರುಗಿ ಬಂದ ಮರಿ ಕೆಟ್ಟದ್ದೇನಲ್ಲ, ಜೋಡಿ ಕೂಡಲಿಲ್ಲವಷ್ಟೆ. ಇನ್ನೊಂದು ಮನೆಗೆ ಅದೇ ಮರಿ ಸರಿಹೋಗಬಹುದು. ಆರರಲ್ಲಿ ಐದಕ್ಕೇ ಮನೆ ಸಿಕ್ಕರೆ ಆರನೆಯದು ಸಿಗುವತನಕ ನಿಮ್ಮಲ್ಲಿರಲಿ.

ಯಾವ ನಾಯಿಯೇ ಕಡಿಯಲಿ, ಮರಿಯೇ ಇರಲಿ, ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಸರಕಾರಿ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ಸುಣ್ಣ, ಖಾರದ ಪುಡಿ, ಅರಿಷಿಣ ಹಚ್ಚಬೇಡಿರಿ. ರೋಗದ ಲಕ್ಷಣ ತೋರಿದ ಮೇಲೆ ಜೀವ ಉಳಿಸುವ ಮದ್ದಿಲ್ಲ.

ಕೊನೆಯದಾಗಿ ತಾಯಿಯ ಮಾತು. ಮರಿಗಳೆಲ್ಲ ಮನೆ ಸೇರಿ, ಹಾಲು ಬತ್ತಿದ ಮೇಲೆ ಅದನ್ನು ಪಶು ಆಸ್ಪತ್ರೆಗೆ ಒಯ್ದು ಸಂತಾನಹರಣದ ವಿಚಾರ ಕೇಳಿರಿ. ಈ ಸಾರಿ ಆರು ಮನೆ ಹುಡುಕಿದಿರಿ. ಇನ್ನಾರು ತಿಂಗಳಿಗೆ ಮತ್ತೆ ಆರು ಮನೆ ಹುಡುಕುವುದು ನಿಮ್ಮಿಂದ ಆದೀತೇ? ಯೋಚಿಸಿರಿ. ಹೆಚ್ಚಿನ ಸಲಹೆಗೆ ನಿಮ್ಮ ಸಮೀಪದ ಪಶುವೈದ್ಯಾಧಿಕಾರಿಗಳನ್ನು ಕಾಣಿರಿ.