ತಂಬಿಗೆಯ ಸೂರ್ಯ, ರಾಗಿಕಾಳಿನ ಭೂಮಿ

ಬೆಳಗಿದ ಹಿತ್ತಾಳೆ ತಂಬಿಗೆ ಒಂದು. ಎರಡು ಬಿಳಿಜೋಳದ ಕಾಳು, ಎರಡು ರಾಗಿಕಾಳು, ಒಂದು ಗಸಗಸೆ, ರವೆಯ ಒಂದು ಕಣ. ಮಕ್ಕಳ ಕಿಸೆಯಿಂದ ಒಂದು ಗೋಲಿ, ಒಂದು ಸಣ್ಣ ಬಾರಿಹಣ್ಣು. ಇಷ್ಟಿದ್ದರೆ ಸೂರ್ಯನೂ ಎಂಟು ಗ್ರಹಗಳೂ ಸಿದ್ಧ. ಇನ್ನು ಬೇಕಾದದ್ದು ಅರ್ಧ ಕಿಲೋಮೀಟರಿನ ನೇರ ಹಾದಿ. ಗದಗ ಸೀಮೆಯಲ್ಲಿ ಅದಕ್ಕೇನು ಕೊರತೆ? ಸುಗ್ಗಿ ಮುಗಿದ ಎರೆಹೊಲಗಳ ನಡುವೆ ಬಂಡಿದಾರಿ ಕಣ್ಣು ಹಾಯುವವರೆಗೂ ಚಾಚಿರುತ್ತದೆ.

ಸೌರಮಂಡಲವನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ, ಮಕ್ಕಳನ್ನು ಅದರೊಳಗೇ ನಡೆಸುವುದು ಕಲಿಸುವವರ ಹಳೆಯ ಕಸುಬು. ಪುಸ್ತಕದ ಚಿತ್ರದಲ್ಲಿ ಗ್ರಹಗಳು ಸಂತೆಯಲ್ಲಿ ಜೋಡಿಸಿಟ್ಟ ಹಣ್ಣುಗಳಂತೆ ಒತ್ತೊತ್ತಾಗಿ ಕೂತಿರುತ್ತವೆ. ತಪ್ಪು ಚಿತ್ರಕಾರರದ್ದಲ್ಲ, ಹಾಳೆಯದ್ದು. 20 ಸೆಂಟಿಮೀಟರ್ ಅಗಲದ ಹಾಳೆಯಲ್ಲಿ ನೆಪ್ಚೂನಿನವರೆಗಿನ ದೂರವನ್ನು ಸರಿಯಾಗಿ ಹಿಡಿಸಿದರೆ ಸೂರ್ಯನೇ ಧೂಳಿನ ಕಣವಾಗುತ್ತಾನೆ. ಭೂಮಿ ಕಾಣುವುದೇ ಇಲ್ಲ. ಅದಕ್ಕೇ ಹಾಳೆ ಬಿಟ್ಟು ಬಯಲಿಗೆ ಬರಬೇಕು.

ಒಂದು ಸೆಂಟಿಮೀಟರ್ ಎಂದರೆ ಒಂದು ಲಕ್ಷ ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಸೂರ್ಯನ ವ್ಯಾಸ ಸುಮಾರು 14 ಸೆಂಟಿಮೀಟರ್, ತಂಬಿಗೆಯ ಹೊಟ್ಟೆಯಷ್ಟು. ಅಲ್ಲಿಂದ ಅರ್ಧ ಮೀಟರಿನ ಹೆಜ್ಜೆ ಹಾಕುತ್ತ ಹೊರಟರೆ 12ನೇ ಹೆಜ್ಜೆಗೆ ಬುಧ, ರವೆಯ ಕಣ. 22ಕ್ಕೆ ಶುಕ್ರ, 30ಕ್ಕೆ ಭೂಮಿ, ಎರಡೂ ರಾಗಿಕಾಳು. 46ಕ್ಕೆ ಮಂಗಳ, ಗಸಗಸೆ. ಇಲ್ಲಿಯವರೆಗೆ ಮಕ್ಕಳು ನಗುನಗುತ್ತ ಎಣಿಸುತ್ತಾರೆ. ಆಮೇಲೆ ಹಾದಿ ಉದ್ದವಾಗತೊಡಗುತ್ತದೆ. ಗೋಲಿಯಷ್ಟಿರುವ ಗುರು ಸಿಗುವುದು 156ಕ್ಕೆ, ಬಾರಿಹಣ್ಣಿನ ಶನಿ 287ಕ್ಕೆ, ಜೋಳದ ಕಾಳಿನ ಯುರೇನಸ್ 574ಕ್ಕೆ. ಇನ್ನೊಂದು ಜೋಳದ ಕಾಳನ್ನು, ಅಂದರೆ ನೆಪ್ಚೂನನ್ನು, ಇಡುವ ಹೊತ್ತಿಗೆ 900 ಹೆಜ್ಜೆಯಾಗಿರುತ್ತದೆ. ಸೌರಮಂಡಲದ ತುಂಬ ಇರುವುದು ಬರೀ ಬಯಲು ಎಂಬುದನ್ನು ಆಗ ಯಾರೂ ಹೇಳಿಕೊಡಬೇಕಿಲ್ಲ, ದಣಿದ ಕಾಲುಗಳೇ ಹೇಳುತ್ತವೆ.

ಗ್ರಹಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ ಎಂದು ಅಲ್ಲಿಯೇ ತಿಳಿಸಬೇಕು. ತಂಬಿಗೆಗೆ 15 ಮೀಟರಿನ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಒಂದು ಸುತ್ತು ಬಂದರೆ ನಮ್ಮ ಒಂದು ವರ್ಷ. ನೆಪ್ಚೂನಿಗೆ ಒಂದು ಸುತ್ತಿಗೆ ಸುಮಾರು 165 ವರ್ಷ ಬೇಕು. 1846ರಲ್ಲಿ ಕಣ್ಣಿಗೆ ಬಿದ್ದ ಗ್ರಹ ಮೊದಲ ಸುತ್ತು ಮುಗಿಸಿದ್ದು 2011ರಲ್ಲಿ.

ಬೆಳಕಿನ ವೇಗವೂ ಇಲ್ಲಿ ಕೈಗೆ ಸಿಗುತ್ತದೆ. ಈ ಅಳತೆಯಲ್ಲಿ ಬೆಳಕು ಸೆಕೆಂಡಿಗೆ ಮೂರು ಸೆಂಟಿಮೀಟರ್ ಸಾಗುತ್ತದೆ, ಇರುವೆಯ ನಡಿಗೆಯ ಹಾಗೆ. ತಂಬಿಗೆಯಿಂದ ರಾಗಿಕಾಳಿಗೆ ಬರಲು ಅದಕ್ಕೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಅತಿ ಹತ್ತಿರದ ಇನ್ನೊಂದು ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರ್. ಗದಗಿನಿಂದ ಕಾಶ್ಮೀರಕ್ಕೆ ಹೋಗಿ ಮರಳಿದಷ್ಟು ದೂರ. ಚಂದ್ರನಾದರೋ ರಾಗಿಕಾಳಿನಿಂದ ಎರಡು ಬೆರಳಿನ ಅಂತರದಲ್ಲಿದ್ದಾನೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ದಾಟಿ ಇಳಿದದ್ದು ಆ ಎರಡು ಬೆರಳನ್ನು. ಸೂರ್ಯನನ್ನು ಗಮನಿಸುವ ನೌಕೆ ಆದಿತ್ಯ-ಎಲ್1 ನಿಂತಿರುವ ಜಾಗ ರಾಗಿಕಾಳಿನಿಂದ 15 ಸೆಂಟಿಮೀಟರ್ ಆಚೆ, ಒಂದು ಗೇಣಿಗೂ ಕಡಿಮೆ.

ಕಾಳುಗಳಿಂದ ಆಕಾಶವನ್ನು ಅಳೆಯುವ ಈ ಜಾಣ್ಮೆಯನ್ನು 1833ರಲ್ಲೇ ಖಗೋಳಜ್ಞ ಜಾನ್ ಹರ್ಷಲ್ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಅವನ ಸೂರ್ಯ ಎರಡಡಿಯ ಗೋಳ, ಬುಧ ಸಾಸಿವೆ, ಭೂಮಿ ಬಟಾಣಿ. ಸ್ವೀಡನ್ನಿನವರು ಇನ್ನೂ ಮುಂದೆ ಹೋಗಿ ಸ್ಟಾಕ್‌ಹೋಮ್‌ನ ದುಂಡನೆಯ ಕ್ರೀಡಾಂಗಣವನ್ನೇ ಸೂರ್ಯನಾಗಿಸಿ, ಗ್ರಹಗಳನ್ನು ದೇಶದುದ್ದಕ್ಕೂ ಹಂಚಿದರು.

ನಮ್ಮ ಜಿಲ್ಲೆಯನ್ನೂ ಹಾಗೆ ನೋಡಬಹುದು. ಒಂದು ಸೆಂಟಿಮೀಟರಿಗೆ ಒಂದು ಸಾವಿರ ಕಿಲೋಮೀಟರ್ ಎಂದರೆ ಸೂರ್ಯ 14 ಮೀಟರಿನ ಗೋಳ. ಅದು ಗದಗ ರೈಲು ನಿಲ್ದಾಣದಲ್ಲಿರಲಿ. ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಗದಗ-ಬೆಟಗೇರಿಯ ಆಸುಪಾಸಿನಲ್ಲೇ ಮುಗಿದುಹೋಗುತ್ತವೆ. ಲಕ್ಕುಂಡಿ ಗುರು-ಶನಿಯರ ನಡುವೆ ಬೀಳುತ್ತದೆ. ಶಿರಹಟ್ಟಿ ದಾಟಿ ಸ್ವಲ್ಪ ದೂರದಲ್ಲಿ ಯುರೇನಸ್. ನೆಪ್ಚೂನಿಗೆ 45 ಕಿಲೋಮೀಟರ್. ಲಕ್ಷ್ಮೇಶ್ವರ ಸಾಲದು, ಮುಂಡರಗಿಯೂ ಸಾಲದು, ತುಂಗಭದ್ರೆಯ ಕಡೆಗೆ ಇನ್ನಷ್ಟು ಹೋಗಬೇಕು. ದಿನವೂ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಈ ಲೆಕ್ಕ ಹೇಳಿದರೆ ಅವಳ ದಾರಿಯೇ ಸೌರಮಂಡಲವಾಗುತ್ತದೆ.

ಬೆಂಗಳೂರಿನಲ್ಲಿ 1989ರಿಂದ ನೆಹರೂ ತಾರಾಲಯವಿದೆ, ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಇನ್ನೊಂದು. ಎಲ್ಲ ಮಕ್ಕಳಿಗೂ ಅಲ್ಲಿಗೆ ಹೋಗಲಾದೀತೆ? ಕಾಳಿನ ಸೌರಮಂಡಲಕ್ಕೆ ಟಿಕೆಟ್ ಬೇಡ, ಕಣ್ಣೂ ಬೇಡ. ವೀರೇಶ್ವರ ಪುಣ್ಯಾಶ್ರಮ ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಒಲಿಸಿದ ಊರು ನಮ್ಮ ಗದಗ. ತಂಬಿಗೆ ತಡವಿ, ರಾಗಿಕಾಳು ಹೊಸಕಿ, ಹೆಜ್ಜೆ ಎಣಿಸಿದ ಅಂಥ ಮಗುವಿಗೆ ದಕ್ಕುವ ಸೌರಮಂಡಲ ಚಿತ್ರ ನೋಡಿದವರದ್ದಕ್ಕಿಂತ ನಿಜವಾದದ್ದು.

ಈ ಪಾಠಕ್ಕೆ ಹುಣ್ಣಿಮೆಯ ಸಂಜೆ ಒಳ್ಳೆಯ ಹೊತ್ತು. ನಮ್ಮ ಆಕಾಶದಲ್ಲಿ ಸೂರ್ಯಚಂದ್ರರ ಗಾತ್ರ ಹೆಚ್ಚುಕಡಿಮೆ ಒಂದೇ. ರಾಗಿಕಾಳಿನ ಪಕ್ಕ ನಿಂತ ಮಗು ಮೊದಲು 15 ಮೀಟರ್ ಆಚೆಯ ತಂಬಿಗೆಯನ್ನು ನೋಡಲಿ, ಆಮೇಲೆ ಮೂಡುವ ಚಂದ್ರನನ್ನು. ಎರಡೂ ಅಷ್ಟಷ್ಟೇ ಕಾಣುತ್ತವೆ. ಕೂಡಿ ಕಳೆದು ಇಟ್ಟ ಕಾಳುಗಳ ಲೆಕ್ಕ ಸರಿ ಎಂದು ಮಗುವಿಗೆ ಹೇಳುವುದು ಆಗ ಮೇಷ್ಟರಲ್ಲ, ಚಂದ್ರ.