ಅಗ್ಗದ ಚಕಮಕಿ ಕೋವಿ

1799ರಲ್ಲಿ ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಕೈಯಲ್ಲಿದ್ದದ್ದು ‘ಬ್ರೌನ್ ಬೆಸ್’ ವಂಶದ ಕೋವಿ. ಕಂಪನಿ ತನ್ನ ಸೈನ್ಯಕ್ಕೆಂದೇ ಮಾಡಿಸಿದ, 39 ಅಂಗುಲ ನಳಿಗೆಯ ನಮೂನೆಗೆ ‘ಇಂಡಿಯಾ ಪ್ಯಾಟರ್ನ್’ ಎಂದು ಹೆಸರು. ಫ್ರಾನ್ಸಿನೊಡನೆ ಯುದ್ಧ ಶುರುವಾಗಿ ಕೋವಿ ಸಾಲದಾದಾಗ ಬ್ರಿಟಿಷ್ ಸರ್ಕಾರವೂ ಅದನ್ನೇ ತೆಗೆದುಕೊಂಡಿತು. ಈಗ ಗಾಳಿ ತಿರುಗಿದೆ. ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಆಡಿ ತೋರಿಸುವ ಅಮೆರಿಕ, ಕೆನಡಾದ ಹವ್ಯಾಸಿಗಳು ಹೊರುವ ಅಗ್ಗದ ಬ್ರೌನ್ ಬೆಸ್‌ಗಳಲ್ಲಿ ಬಹಳಷ್ಟು ಭಾರತದಲ್ಲಿ ತಯಾರಾದವು.

ಇಟಲಿಯ ಪೆಡರ್ಸೋಲಿ ಕಾರ್ಖಾನೆಯ ಕೋವಿ ಇವಕ್ಕಿಂತ ಬಹಳ ದುಬಾರಿ. ಅದು ಸರ್ಕಾರಿ ಪರೀಕ್ಷೆಯ ಮುದ್ರೆ ಹೊತ್ತೇ ಬರುತ್ತದೆ. ನಮ್ಮದಕ್ಕೆ ಎಷ್ಟೋ ಸಲ ಕಿಡಿ ಒಳಹೋಗುವ ಕಿವಿಯನ್ನೇ ಕೊರೆದಿರುವುದಿಲ್ಲ; ಅದು ಪ್ರದರ್ಶನದ ವಸ್ತುವಾಗಿ ಹಡಗು ಹತ್ತುತ್ತದೆ. ಕೊರೆಸುವ ಮೊದಲು ನಳಿಗೆಯನ್ನು ಬಲ್ಲ ಕಮ್ಮಾರನಿಂದ ಪರೀಕ್ಷೆ ಮಾಡಿಸಲೇಬೇಕು, ಇದರಲ್ಲಿ ಜಿಪುಣತನ ಸಲ್ಲದು. ಅಗ್ಗ ಎಂದರೆ ಕಳಪೆ ಎಂದಲ್ಲ, ಕೊನೆಯ ಕೆಲಸ ಕೊಂಡವನಿಗೆ ಬಿಟ್ಟಿದ್ದಾರೆ ಎಂದು. ಮರದ ಹಿಡಿ ದಪ್ಪವಾಗಿದ್ದರೆ ಕೆತ್ತಿ ತೆಳುವಾಗಿಸಬಹುದು. ಚಕಮಕಿ ಕಲ್ಲು ಬಡಿಯುವ ಉಕ್ಕಿನ ತಟ್ಟೆ ಮೆತ್ತಗಿದ್ದರೆ ಮಾತ್ರ ಕಿಡಿಯೇ ಹಾರುವುದಿಲ್ಲ. ಆಗ ಅದನ್ನು ಕಾಯಿಸಿ ಹದ ಕೊಡಿಸಬೇಕು. ಕಿವಿ, ಕಿಡಿ ಬೀಳುವ ಮದ್ದಿನ ಬಟ್ಟಲಿನ ಮಟ್ಟಕ್ಕೆ ಸರಿಯಾಗಿ ಕೂತಿದೆಯೇ ಎಂಬುದೂ ಅಷ್ಟೇ ಮುಖ್ಯ.

ಈಡು ತುಂಬುವ ಕ್ರಮದಲ್ಲೇ ಇದರ ಸೊಗಸೆಲ್ಲ ಇರುವುದು. ಮದ್ದು ಎಂದರೆ ಕರಿಮದ್ದೇ: ಪೆಟ್ಲುಪ್ಪು, ಇದ್ದಿಲು, ಗಂಧಕ. ಇಂದಿನ ತೋಟೆಗಳ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸಿಡಿದೀತು. ಮದ್ದನ್ನು ಕೊಂಬಿನಿಂದ ನೇರವಾಗಿ ಸುರಿಯಬಾರದು. ಹಿಂದಿನ ಈಡಿನ ಕೆಂಡ ಒಳಗೆಲ್ಲೋ ಉಳಿದಿದ್ದರೆ ಕೊಂಬೇ ಹೊತ್ತಿಕೊಳ್ಳುತ್ತದೆ. ಅಳತೆ ಮಾಡಿ ಕಾಗದದಲ್ಲಿ ಸುತ್ತಿಟ್ಟದ್ದನ್ನೇ ಬಳಸಬೇಕು. ನಳಿಗೆಯ ಬಾಯಿ 0.75 ಅಂಗುಲ, ಗುಂಡು ಸುಮಾರು 0.69. ಈ ಸಡಿಲ ಬೇಕೆಂದೇ ಬಿಟ್ಟದ್ದು, ಮಸಿ ಕಟ್ಟಿದ ನಳಿಗೆಯಲ್ಲೂ ಗುಂಡು ಇಳಿಯಬೇಕಲ್ಲ! ಗಜವೆಂಬ ಸಲಾಕೆ ಹಾಕಿ ಗುಂಡನ್ನು ಮದ್ದಿನ ಮೇಲೆ ಗಟ್ಟಿಯಾಗಿ ಕೂರಿಸಬೇಕು; ನಡುವೆ ಖಾಲಿ ಜಾಗ ಉಳಿದರೆ ಅಪಾಯ. ಕೊನೆಗೆ, ಕೋವಿಯನ್ನು ಗುರಿಯತ್ತ ತಿರುಗಿಸಿ, ಬಟ್ಟಲಿಗೆ ಚಿಟಿಕೆ ರಂಜಕ, ಅಂದರೆ ಕಿಡಿ ಹಿಡಿಯುವ ಮದ್ದು. ಬಟ್ಟಲು ತುಂಬಿಸುವುದು ಹೊಸಬರ ಚಟ. ಕಿವಿ ಮುಚ್ಚುವಷ್ಟು ತುಂಬಿದರೆ ಮದ್ದು ಬತ್ತಿಯಂತೆ ನಿಧಾನಕ್ಕೆ ಉರಿದು ಈಡು ತಡವಾಗುತ್ತದೆ. ಬಟ್ಟಲಲ್ಲಿ ಬೆಂಕಿ ಕಂಡೂ ಈಡು ಹಾರಲಿಲ್ಲವೇ? ಕೋವಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು.

ಪಳಗಿದ ಸೈನಿಕ ಇಷ್ಟನ್ನೂ ನಿಮಿಷಕ್ಕೆ ಮೂರು ಸಲ ಮಾಡುತ್ತಿದ್ದ. ನಿಖರತೆ ಕೇಳಬೇಡಿ. ನಳಿಗೆಯ ಹಿಂಭಾಗದಲ್ಲಿ ಗುರಿಕಟ್ಟು ಇಲ್ಲ, ಮುಂದಿರುವುದು ಬಯನೆಟ್ ಸಿಕ್ಕಿಸುವ ಗೂಟ. ನೂರು ಗಜದಾಚೆ ಒಬ್ಬನೇ ಮನುಷ್ಯನಿಗೆ ತಾಗಿದರೆ ಅದೃಷ್ಟ.

ಕರಿಮದ್ದಿನ ಮಸಿ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಅಂದೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಬೇಕು.

ಅಮೆರಿಕದ ಫೆಡರಲ್ ಕಾನೂನು ಇಂಥ ಚಕಮಕಿ ಪ್ರತಿಕೃತಿಗಳನ್ನು ಸಾಮಾನ್ಯ ಬಂದೂಕಿನ ಲೆಕ್ಕಕ್ಕೆ ತರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ವಿನಾಯಿತಿ ಪಡೆದ ಕೊಡವರು ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರನ್ನು ಬಿಟ್ಟರೆ, ಬಾಯಿಯಿಂದ ಮದ್ದು ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಆಸೆಯಾದವರು ಮೊದಲು ಅದನ್ನು ವಿಚಾರಿಸಿ.