ಗಾಡಿ ನಮ್ಮದು, ಎತ್ತು ಯಾರದು?

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದರೆ ದಾರಿಯಲ್ಲಿ ಯಲಹಂಕದ ವಾಯುಪಡೆ ನೆಲೆ ಸಿಗುತ್ತೆ. ಏರ್ ಶೋ ಆದಾಗ ಅಲ್ಲಿ ತೇಜಸ್ ಹಾರುತ್ತೆ. ಅದನ್ನು ಕಟ್ಟೋದು ಬೆಂಗಳೂರಿನ ಎಚ್.ಎ.ಎಲ್. ಅದರ ಕಥೆ ಹೇಳ್ತೀನಿ.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಈ ಕಾರ್ಖಾನೆ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಯುದ್ಧವಿಮಾನಗಳ ರಿಪೇರಿ ನಡೆಯುತ್ತಿತ್ತು. 1945ರಲ್ಲಿ ಯುದ್ಧ ಮುಗಿಯಿತು, ಆ ಕೆಲಸವೂ ಕಮ್ಮಿಯಾಯ್ತು. ಆದರೆ ಕೈಕಟ್ಟಿ ಕೂರಲಿಲ್ಲ. ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿದರು.

1951ರಲ್ಲಿ ಡಾ. ವಿ. ಎಂ. ಘಾಟಗೆಯವರ ತಂಡದ ಎಚ್.ಟಿ.-2 ತರಬೇತಿ ವಿಮಾನ ಹಾರಿತು. ಅದರ ವಿನ್ಯಾಸ ನಮ್ಮವರದೇ. ಆಮೇಲೆ ಜರ್ಮನಿಯ ಕುರ್ಟ್ ಟ್ಯಾಂಕ್ ಜೊತೆ ಸೇರಿ ಮಾರುತ್ ಎಂಬ ಜೆಟ್ ಯುದ್ಧವಿಮಾನ ಮಾಡಿದರು. ಅದು 1961ರ ಜೂನ್ 17ರಂದು ಮೊದಲು ಹಾರಿತು. ಶಬ್ದಕ್ಕಿಂತ ವೇಗವಾಗಿ ಹಾರಬೇಕು ಅಂತ ಅದನ್ನು ಮಾಡಿದ್ದು. ಆದರೆ ಅಷ್ಟು ಶಕ್ತಿಯ ಎಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನವರು ವಿನ್ಯಾಸ ಮಾಡಿದ ಸಣ್ಣ ಎಂಜಿನ್ನಲ್ಲೇ 1971ರ ಯುದ್ಧಕ್ಕೂ ಹೋಯಿತು. ಒಟ್ಟು 147 ಕಟ್ಟಿ ನಿಲ್ಲಿಸಿದರು.

ತೇಜಸ್ 2001ರ ಜನವರಿ 4ರಂದು ಮೊದಲು ಹಾರಿತು. ಇದು ಶಬ್ದವನ್ನೂ ಹಿಂದೆ ಹಾಕುತ್ತೆ. ಆದರೆ ಎಂಜಿನ್ ಅಮೆರಿಕದ್ದು. ಅದು ಬರೋದು ತಡವಾದರೆ ಇಲ್ಲಿ ವಿಮಾನ ಕಾಯಬೇಕು. ಗಾಡಿ ನಮ್ಮದು, ಎತ್ತು ಪಕ್ಕದೂರಿನವರದು ಅಂದಂಗೆ.

ಎಂಜಿನ್ ಮಾಡೋದು ಯಾಕೆ ಕಷ್ಟ? ಅದರೊಳಗಿನ ಬೆಂಕಿಗೆ ಕಬ್ಬಿಣವೂ ಕರಗುತ್ತೆ. ಆ ಬಿಸಿ ತಡೆದುಕೊಂಡು ಗಿರಗಿರ ತಿರುಗೋ ಅಲಗುಗಳು ಬೇಕು. ಬೆಂಗಳೂರಿನ ವಿಜ್ಞಾನಿಗಳು ಮಾಡಿದ ಕಾವೇರಿ ಎಂಜಿನ್ನಿನ ಶಕ್ತಿ ತೇಜಸ್‌ಗೆ ಸಾಲಲಿಲ್ಲ. ನಮ್ಮ ಎತ್ತು ನಮ್ಮ ಕೊಟ್ಟಿಗೆಯಲ್ಲೇ ಬೆಳೆದರೆ ಮಾತ್ರ ಗಾಡಿ ಪೂರ್ತಿ ನಮ್ಮದು.